ದೂಮಕ್ಕನಿಗೊಂದು ಎಲೆ

ಮೂಡುಬಿದಿರೆಯಲ್ಲಿ ಶಾಂತಿಗಿರಿ ಎಂದರೆ ರಿಕ್ಷಾದವರು ಹತ್ತು ರೂಪಾಯಿ ಜಾಸ್ತಿ ಕೇಳುತ್ತಾರೆ. ಕೇಳಿದ್ದನ್ನು ಕೊಡುವವರೇ ಅಲ್ಲಿರುವುದು ಎಂಬುದು ಅವರ ನಂಬಿಕೆ. ಅಲ್ಲಿರುವವರು ರಿಕ್ಷಾ ಹತ್ತುವುದೇ ಇಲ್ಲ ಎಂಬುದು ಬೇರೆ ಮಾತು. ಡಾಕ್ಟರರು, ದುಬೈಯಲ್ಲಿ ದುಡಿದು ಬಂದವರು, ಹೋಟೆಲಿನವರು, ಕಲ್ಲಿನ ಕ್ರಷರಿನವರು ಎಲ್ಲ ಗುಡ್ಡವನ್ನು ಸುತ್ತಿ ಏರುವ ಡಾಮರು ರಸ್ತೆಯ ಎರಡೂ ಕಡೆ ಎತ್ತರದ ಕಾಂಪೌಂಡು ಹಾಕಿಸಿಕೊಂಡು ಇದ್ದಾರೆ. ಯಾರ ಮನೆಯಲ್ಲಿ ಏನು ಸಾರು ಎಂದು ಪಕ್ಕದ ಮನೆಯವರಿಗೆ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದಿರುವುದಕ್ಕೇ ಅಲ್ಲಿ ಜಾಗಕ್ಕೆ ಅಷ್ಟು ಬೆಲೆ.

ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿ ಹೋಟೆಲು ನಡೆಸುವ ಶೇಖರ ಶೆಟ್ಟಿ ಅಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಹೆಂಡತಿ ಕಾಂತಿ, ಹೈಸ್ಕೂಲಿನಲ್ಲಿ ಪಾಠ ಮಾಡುವ ಮಗಳು ವಿಜೇತಾ, ಇಂಜಿನಿಯರಿಂಗ್ ಓದುವ ಮಗ ಶ್ರವಣ್. ಶೇಖರನ ತಾಯಿ ಜಲಜಾಕ್ಷಿ ಇಷ್ಟು ಕಾಲ ಸಿದ್ಧಕಟ್ಟೆಯಲ್ಲಿ ಮಗಳ ಜೊತೆ ಇದ್ದಳು. ಮಗಳು ಗಂಡನಿರುವ ಮಸ್ಕತ್ತಿಗೆ ಹೊರಟದ್ದರಿಂದ, ಎಂಬತ್ತರ ಹತ್ತಿರ ಬಂದ ಮುದುಕಿಯನ್ನು ಜೂನ್ ತಿಂಗಳ ಮಳೆಯಲ್ಲಿ ಕಾರಿನಲ್ಲಿ ಕೂರಿಸಿ ಶಾಂತಿಗಿರಿಗೆ ತಂದು ಇಳಿಸಿದರು. ಮಳೆಗೆ ಕಾರಿನ ಗಾಜು ಮಂಜಾಗಿತ್ತು. ಹೊರಗೆ ಏನಿದೆಯೆಂದು ಅವಳಿಗೆ ಕಾಣಲಿಲ್ಲ.

ಬಂದ ವಾರದಲ್ಲೇ ಸಣ್ಣ ಸಣ್ಣ ಕಿರಿಕಿರಿ ಶುರುವಾಯಿತು. ಮುದುಕಿ ತಿಂದ ಬಟ್ಟಲನ್ನು ತಾನೇ ತೊಳೆದು ಬಿಸಿಲಿಲ್ಲದ ಬಿಸಿಲಿಗೆ ಇಡುತ್ತಿದ್ದಳು. ಒಗೆದ ಸೀರೆಯನ್ನು ಎದುರಿನ ಬಾಲ್ಕನಿಯಲ್ಲಿ ಹರವುತ್ತಿದ್ದಳು.

"ಮಾಮಿ, ಇಲ್ಲಿ ಎದುರುಗಡೆ ಬಟ್ಟೆ ಒಣಗಿಸುವ ಹಾಗಿಲ್ಲ. ಅಸೋಸಿಯೇಶನ್‌ನವರು ಬರೆದು ಕಳಿಸ್ತಾರೆ," ಎಂದಳು ಕಾಂತಿ.

"ಬರೆಯಲಿ. ನನಗೆ ಓದಲಿಕ್ಕೆ ಬರುವುದಿಲ್ಲ," ಎಂದಳು ಅತ್ತೆ.

ಮಳೆ ಸ್ವಲ್ಪ ಬಿಟ್ಟ ಒಂದು ಸಂಜೆ ವಿಜೇತಾ ಅಜ್ಜಿಯನ್ನು ಕೈಹಿಡಿದು ಕೆಳಗಿನ ಗೇಟಿನವರೆಗೆ ನಡೆಸಿಕೊಂಡು ಹೋದಳು. ಶಾಂತಿಗಿರಿಯ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಒಂದು ಕರಿಬಂಡೆ ಇದೆ. ಅದರ ಎದೆಗೆ ಸ್ಟೀಲಿನ ಅಕ್ಷರಗಳಲ್ಲಿ ಬಡಾವಣೆಯ ಹೆಸರು, ಬುಡದಲ್ಲಿ ನೀಲಿ ದೀಪಗಳು. ಒಂದು ಮಗ್ಗುಲಲ್ಲಿ ಕೈಗೆಟಕುವ ಎತ್ತರದಲ್ಲಿ ಬಂಡೆ ಹಲಗೆಯ ಹಾಗೆ ಸಪಾಟಾಗಿದೆ. ಅಲ್ಲಿ ಉಜ್ಜಿ ಉಜ್ಜಿ ಆದಂತಹ ಎರಡು ದುಂಡನೆಯ ಗುಳಿಗಳು.

ಜಲಜಾಕ್ಷಿ ಅಲ್ಲಿ ನಿಂತುಬಿಟ್ಟಳು. ಗುಳಿಯ ಮಳೆನೀರಿನಲ್ಲಿ ಕೈ ಅದ್ದಿ, ಒಳಗಿನ ನುಣುಪನ್ನು ಸವರಿದಳು. ಆಮೇಲೆ ಒದ್ದೆ ನೆಲದಲ್ಲೇ ಕುಸಿದು ಕೂತಳು.

"ಎಂತಾಯ್ತು ಅಜ್ಜಿ? ತಲೆ ತಿರುಗಿತಾ?"

"ಇದು ಸೀಕಿನ ಗುಡ್ಡೆ ಮಗಾ," ಎಂದಳು ಅಜ್ಜಿ. "ಗಂಜಿಯ ಮಡಕೆ ಇಡ್ತಿದ್ದದ್ದು ಇಲ್ಲಿ."

"ಯಾರು ಇಡ್ತಿದ್ದದ್ದು?"

"ನಾನೇ."

ಆ ರಾತ್ರಿಯ ಊಟಕ್ಕೆ ಬಂಗುಡೆ ಸಾರು ಇತ್ತು. ಜಲಜಾಕ್ಷಿ ಸಾರಿಗೆ ಕೈ ಹಾಕದೆ ಕತೆ ಹೇಳಿದಳು. ಆ ಕಾಲದಲ್ಲಿ ಸಿಡುಬಿಗೆ ಹೆಸರಿಟ್ಟು ಕರೆಯುತ್ತಿರಲಿಲ್ಲ, ದೊಡ್ಡ ಸೀಕು ಎನ್ನುತ್ತಿದ್ದರು. ಯಾವ ಮನೆಯಲ್ಲಿ ಯಾರ ಮೈಮೇಲೆ ಎದ್ದರೂ ಅವರನ್ನು ಚಾಪೆಯಲ್ಲಿ ಸುತ್ತಿ ಈ ಗುಡ್ಡೆಗೆ ತಂದು ಸೋಗೆಯ ಗುಡಿಸಲಿನಲ್ಲಿ ಬಿಡುತ್ತಿದ್ದರು. ನೋಡಿಕೊಳ್ಳಲು ಅದೇ ಸೀಕು ಬಂದು ಬದುಕಿದ ಒಬ್ಬ ಗಂಡಸು ಇರುತ್ತಿದ್ದ. ಮನೆಯವರು ಮೇಲೆ ಹತ್ತುವ ಹಾಗಿಲ್ಲ. ಗಂಜಿ ತಂದು ಬಂಡೆಯ ಮೇಲಿಟ್ಟು, ಒಂದು ಕೂಗು ಹಾಕಿ, ಹಿಂತಿರುಗಿ ನೋಡದೆ ಇಳಿಯಬೇಕು. ಗುಡ್ಡದ ಆಚೆ ಬದಿಯ ಬೈಲಿನಲ್ಲಿ ಜಲಜಾಕ್ಷಿಯ ತವರು. ಅವಳ ತಾಯಿ, ಗಂಡ ಸತ್ತ ದೂಮಕ್ಕ, ಅಣ್ಣನ ಯಜಮಾನಿಕೆಯಲ್ಲಿ ಅಲ್ಲಿದ್ದವಳು. ಅವಳನ್ನು ಹಾಗೆ ಹೊತ್ತು ತಂದಾಗ ಜಲಜಾಕ್ಷಿಗೆ ಎಂಟು ವರ್ಷ.

"ಮತ್ತೆ?" ಎಂದಳು ವಿಜೇತಾ.

"ಮತ್ತೆಂತ? ಒಂದು ದಿವಸ ಮಾವ ಹೇಳಿದರು, ಇನ್ನು ಗಂಜಿ ತಕ್ಕೊಂಡು ಹೋಗುವುದು ಬೇಡ ಅಂತ. ಸತ್ತಳು ಅಂತ ಬೊಜ್ಜ, ತಿಥಿ ಎಲ್ಲ ಮಾಡಿ ಮುಗಿಸಿದರು. ಮನೆಯಲ್ಲಿ ಮದುವೆ ಇತ್ತು. ಸೂತಕ ಇಟ್ಟುಕೊಂಡು ಮದುವೆ ಮಾಡುವ ಹಾಗಿಲ್ಲವಲ್ಲ."

"ಹಾಗಾದರೆ ನಾವಿರುವುದು ಐಸೊಲೇಶನ್ ವಾರ್ಡಿನಲ್ಲಿ," ಎಂದು ಶ್ರವಣ್ ನಕ್ಕ. ಯಾರೂ ಜೊತೆಗೆ ನಗಲಿಲ್ಲ.

ಶೇಖರ ತಟ್ಟೆಯನ್ನು ದೂಡಿದ. "ಇದನ್ನು ಇಲ್ಲಿಗೇ ಬಿಡುವ. ಊರಲ್ಲಿ ಬಂಡೆ ಒಂದೇ ಇರುವುದಾ? ಅಮ್ಮನಿಗೆ ಎಲ್ಲಿಯೋ ನೋಡಿದ ನೆನಪು."

"ಅಪ್ಪ, ನೀವೇ ಹೇಳ್ತಿದ್ದಿರಿ, ಪೇಟೆಗೆ ಇಷ್ಟು ಹತ್ತಿರ ಇಷ್ಟು ದೊಡ್ಡ ಜಾಗ ಒಂದೇ ತುಂಡಾಗಿ ಉಳಿದದ್ದೇ ಆಶ್ಚರ್ಯ ಅಂತ," ಎಂದಳು ವಿಜೇತಾ. "ಯಾಕೆ ಉಳಿಯಿತು ಹೇಳಿ? ಹೆದರಿ ಯಾರೂ ಈ ಕಡೆ ಸೌದೆಗೂ ಬರುತ್ತಿರಲಿಲ್ಲ, ಅದಕ್ಕೆ."

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ಶೇಖರನಿಗೆ ಸಿಟ್ಟು ಬಂತು. ಗುಡ್ಡದ ಹಿಂಬದಿಯಲ್ಲಿ ಶಾಂತಿಗಿರಿಯ ಎರಡನೆಯ ಹಂತ ಏಳುವುದಿತ್ತು. ಜಾಗ ಬಡಾವಣೆ ಮಾಡಿಸಿದ ಜಿನರಾಜರದ್ದು, ಅರ್ಧ ಬಂಡವಾಳ ಇವನದ್ದು. ಭಾನುವಾರ ಭಾನುವಾರ ಮಂಗಳೂರಿನಿಂದ ಕಾರುಗಳು ಬಂದು ಸೈಟು ನೋಡಿ ಹೋಗುತ್ತಿದ್ದವು.

"ನೀರು ಎಲ್ಲಿಂದ ಬರುವುದು ನಮಗೆ?" ಎಂದು ಕಾಂತಿ ನಿಧಾನವಾಗಿ ಕೇಳಿದಳು.

"ಬೋರಿನಿಂದ. ಎಂತ ಈಗ?"

"ಎಂತ ಇಲ್ಲ. ಕೇಳಿದೆ."

ಮರುದಿನದಿಂದ ಮನೆಗೆ ಕ್ಯಾನಿನ ನೀರು ಬರತೊಡಗಿತು. ಎಪ್ಪತ್ತು ವರ್ಷ ಹಿಂದಿನ ಸಿಡುಬು ಬೋರಿನ ನೀರಿನಲ್ಲಿ ಬರುವುದಿಲ್ಲ ಎಂದು ವಿಜೇತಾ ಪಾಠ ಮಾಡಿದಳು. ಕಾಂತಿ ಹೌದು ಹೌದು ಎಂದು ತಲೆಯಾಡಿಸಿ, ಅಕ್ಕಿ ತೊಳೆಯುವುದಕ್ಕೂ ಕ್ಯಾನನ್ನೇ ಬಗ್ಗಿಸಿದಳು. ಇತ್ತ ಶ್ರವಣ್ ಎದುರು ಮನೆಯ ಗೆಳೆಯನಿಗೆ ತಮಾಷೆಗೆ ಹೇಳಿದ್ದು, ಆ ಗೆಳೆಯ ತನ್ನ ತಾಯಿಗೆ ಹೇಳಿ, ಸಂಜೆಯೊಳಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ಹೋಮ ಮಾಡಿಸುವ ಎಂದು ಒಬ್ಬರು, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಎಂದು ಇನ್ನೊಬ್ಬರು. ಸೈಟು ಮಾರುವಾಗ ಇದನ್ನೆಲ್ಲ ಯಾಕೆ ಮುಚ್ಚಿಟ್ಟಿರಿ ಎಂದು ದುಬೈಯಿಂದ ಒಬ್ಬರು ಸಿಟ್ಟಿನ ಮುಖದ ಚಿತ್ರ ಹಾಕಿದರು.

ಜಿನರಾಜರು ಆ ವಾರವೇ ಮನೆಗೆ ಬಂದರು. ಐವತ್ತೈದು ದಾಟಿದ, ತಗ್ಗಿದ ದನಿಯ ಮನುಷ್ಯ. ಅವರ ಅಜ್ಜನ ಕಾಲದಲ್ಲಿ ಜಲಜಾಕ್ಷಿಯ ತವರಿನವರು ಅವರ ಒಕ್ಕಲು. ಅದನ್ನು ಅವರು ಎಂದೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಶೇಖರನ ಜೊತೆ ಸೋಫಾದಲ್ಲಿ ಕೂತು ಕಾಫಿ ಕುಡಿದು, ಮುದುಕಿಯ ಕಡೆ ತಿರುಗಿದರು.

"ಅಮ್ಮ, ನಿಮ್ಮ ನೆನಪು ತಪ್ಪು ಅಂತ ನಾನು ಹೇಳುವುದಿಲ್ಲ. ಗುಡ್ಡೆಯಲ್ಲಿ ಹಿಂದೆ ಗುಡಿಸಲು ಇದ್ದದ್ದು ಹೌದು. ನಮ್ಮ ಅಜ್ಜನೇ ಹಾಕಿಸಿ ಕೊಟ್ಟದ್ದು, ಪುಣ್ಯದ ಕೆಲಸ ಅಂತ. ಆದರೆ ಈಗ ಅಲ್ಲಿ ಎಂತದೂ ಬಾಕಿ ಇಲ್ಲ. ಸತ್ತವರ ಕ್ರಮ ಎಲ್ಲ ಆಗ್ಯಾಗಿದೆ. ಪ್ರತಿ ಮಳೆಗಾಲ ಆಟಿ ತಿಂಗಳಲ್ಲಿ ಅವರವರ ಮನೆಯಲ್ಲಿ ಎಲೆ ಹಾಕಿ ಬಡಿಸಿ, ಎಲ್ಲ ಚೊಕ್ಕ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಆದರೂ ಗೊತ್ತುಂಟಲ್ಲ. ಇದನ್ನು ನೀವೇ ಎರಡು ಮಾತು ಹೇಳಿದರೆ ಜನ ಕೇಳ್ತಾರೆ."

ಜಲಜಾಕ್ಷಿ ಅವರ ಮುಖವನ್ನೇ ನೋಡುತ್ತಿದ್ದಳು. "ಎಲೆ ಹಾಕ್ತಿದ್ದರಾ? ಸೀಕಿನಲ್ಲಿ ಸತ್ತವರಿಗೆ?"

"ಹಾಕದೆ ಮತ್ತೆ? ನಮ್ಮ ತಾಯಿ ಹೇಳುವುದು ಕೇಳಿದ್ದೇನೆ."

ಅವರು ಹೋದ ಮೇಲೆ ಮುದುಕಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕಾಂತಿ ಬೀನ್ಸ್ ಹೆಚ್ಚುತ್ತಿದ್ದಳು.

"ಕಾಂತಿ, ನಿಮ್ಮ ಮನೆಯಲ್ಲಿ ದೊಡ್ಡ ಸೀಕಿನಲ್ಲಿ ಹೋದವರು ಯಾರಾದರೂ ಇದ್ದರಾ?"

"ನಮ್ಮ ಅಜ್ಜಿಯ ತಮ್ಮ ಒಬ್ಬರು ಅಂತೆ. ಯಾಕೆ ಮಾಮಿ?"

"ಆಟಿಯಲ್ಲಿ ಅವರಿಗೆ ಎಲೆ ಇಡ್ತಾರಾ?"

"ಇಡ್ತಾರೆ. ಅವರಿಗೆ ಕಪ್ಪೆಚಿಪ್ಪು ಇಷ್ಟ ಅಂತ ಅದನ್ನು ಬೇರೆಯೇ ಮಾಡಿ ಬಡಿಸ್ತಾರೆ." ಕಾಂತಿ ಚೂರಿ ನಿಲ್ಲಿಸಿದಳು. "ನಿಮ್ಮಲ್ಲಿ ಇಡುವುದಿಲ್ಲವಾ?"

ಇಡುತ್ತಿರಲಿಲ್ಲ. ತವರಿನಲ್ಲಿ ಪ್ರತಿ ಆಟಿಗೂ ಸತ್ತ ಅಜ್ಜನಿಗೆ, ಅಜ್ಜಿಗೆ, ಬಾವಿಗೆ ಬಿದ್ದು ಸತ್ತ ಚಿಕ್ಕಮ್ಮನಿಗೆ ಸಾಲಾಗಿ ಬಾಳೆಲೆ ಹಾಕಿ, ದೋಸೆ ಕೋಳಿ ಸಾರು ಬಡಿಸಿ, ಮಾವ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆಯುತ್ತಿದ್ದರು. ದೂಮಕ್ಕನ ಹೆಸರು ಬರುತ್ತಿರಲಿಲ್ಲ. ಹುಡುಗಿ ಜಲಜ ಒಮ್ಮೆ ಕೇಳಿದ್ದಳು. ಸೀಕಿನಲ್ಲಿ ಸತ್ತವರಿಗೆ ಎಲೆ ಹಾಕುವ ಕ್ರಮ ಇಲ್ಲ, ಹಾಕಿದರೆ ಸೀಕು ಅವರ ಜೊತೆ ಒಳಗೆ ಬರುತ್ತದೆ ಎಂದಿದ್ದರು ಮಾವ. ಅದನ್ನು ನಂಬಿ ಅವಳು ಮದುವೆಯಾದಳು, ಮಕ್ಕಳನ್ನು ಹೆತ್ತಳು, ವಿಧವೆಯಾದಳು, ಮುದುಕಿಯಾದಳು. ಬೇರೆಯವರನ್ನು ಕೇಳಬೇಕೆಂದೇ ತೋಚಿರಲಿಲ್ಲ. ಕ್ರಮ ಎಂದ ಮೇಲೆ ಮುಗಿಯಿತು, ನಮ್ಮ ಕಡೆ ಅದನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

"ಅಂಥ ಕ್ರಮ ಎಲ್ಲಿಯೂ ಇಲ್ಲ ಮಾಮಿ," ಎಂದಳು ಕಾಂತಿ. "ನಿಮಗೆ ಯಾರೋ ಸುಳ್ಳು ಹೇಳಿದ್ದಾರೆ."

ಆ ದಿನದಿಂದ ಜಲಜಾಕ್ಷಿಯದು ಒಂದೇ ಮಾತು. ತನ್ನ ತಾಯಿಗೆ ಈ ಆಟಿಯಲ್ಲಿ ಎಲೆ ಹಾಕಬೇಕು, ಶೇಖರನೇ ಹಾಕಬೇಕು. ಬೆಳಿಗ್ಗೆ ಅವನು ಶೂ ಕಟ್ಟುವಾಗ ಅದೇ, ರಾತ್ರಿ ಅವನು ಕೈ ತೊಳೆಯುವಾಗ ಅದೇ.

"ನೀನು ಅವಳ ಕುಟುಂಬದವ. ನಮ್ಮಲ್ಲಿ ತಾಯಿಯ ಕಡೆಯಿಂದ ಅಲ್ವಾ ಲೆಕ್ಕ? ತವರಿನ ಮನೆ ಮಾರಿ ಹೋಯ್ತು, ಗಂಡಸು ಅಂತ ಉಳಿದದ್ದು ನೀನೊಬ್ಬ. ನನ್ನ ಕಣ್ಣು ಮುಚ್ಚಿದರೆ ಅವಳ ಹೆಸರು ಹೇಳುವವರೂ ಇಲ್ಲ."

"ಅಮ್ಮ, ಬಡಿಸುವುದಕ್ಕೆ ನನಗೆ ಏನೂ ಇಲ್ಲ. ಆದರೆ ಈ ವರ್ಷ ಬೇಡ. ಜನ ಈಗಲೇ ನೂರು ಮಾತಾಡ್ತಾರೆ. ಶೇಖರನ ಮನೆಯಲ್ಲೇ ಬಡಿಸಿದರು ಅಂತಾದರೆ ಆ ಗುಡ್ಡೆಯಲ್ಲಿ ಏನೋ ಉಂಟು ಅಂತ ನಾವೇ ಒಪ್ಪಿಕೊಂಡ ಹಾಗೆ."

"ಉಂಟು. ನನ್ನ ಅಮ್ಮ ಉಂಟು."

"ಬರುವ ವರ್ಷ ಮಾಡುವ."

"ಬರುವ ವರ್ಷ ನನಗೂ ಸೇರಿಸಿ ಹಾಕು. ಎರಡು ಎಲೆ. ನಿನಗೆ ಒಂದೇ ಖರ್ಚು."

ಶೇಖರ ಬಾಗಿಲು ಬಡಿದು ಹೊರಟ. ಅವನು ಕೆಟ್ಟವನಲ್ಲ. ತಾಯಿಯ ಮಂಡಿಗೆ ಎಣ್ಣೆ ತರಿಸಿ ಕೊಡುವವನು, ಹೋಟೆಲಿನಿಂದ ಅವಳಿಗೆಂದು ಮೆತ್ತಗಿನ ಗೋಳಿಬಜೆ ಬೇರೆ ಕಟ್ಟಿಸಿಕೊಂಡು ಬರುವವನು. ಆದರೆ ಜನ ಏನೆನ್ನುತ್ತಾರೆ ಎಂಬುದರ ಮೇಲೆ ಮನೆ ಕಟ್ಟಿದವನಿಗೆ ಅದನ್ನು ಬಿಟ್ಟು ನಿಲ್ಲುವ ನೆಲವೇ ಇಲ್ಲ. ಅವನ ಮೇಲೆ ಸಿಟ್ಟು ಮಾಡುವುದೂ ಕಷ್ಟ, ಮಾಡದಿರುವುದೂ ಕಷ್ಟ.

ಜಲಜಾಕ್ಷಿ ಊಟ ಬಿಡಲಿಲ್ಲ, ಅಳಲಿಲ್ಲ. ಬಡಿಸಿದ್ದನ್ನು ತಿಂದು, ಬಟ್ಟಲು ತೊಳೆದು, ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಟಿ ತಿಂಗಳು ಹುಟ್ಟಿತು. ಶ್ರವಣ್ ಕೂಡ ತಮಾಷೆ ನಿಲ್ಲಿಸಿದ. ಕೊನೆಗೆ ಸೋತದ್ದು ಕಾಂತಿ.

"ಮಾಮಿ, ಜಿನರಾಜರ ತಾಯಿ ಇದ್ದಾರಲ್ಲ, ಕಮಲಾವತಿಯಮ್ಮ. ಅವರಿಗೆ ಎಲ್ಲ ಗೊತ್ತಿರಬಹುದು. ನಿಮ್ಮ ತಾಯಿಯನ್ನು ಎಲ್ಲಿ ಮಣ್ಣು ಮಾಡಿದರು ಅಂತಾದರೂ ಕೇಳುವ. ಒಂದು ಸಮಾಧಾನ ಆಗ್ತದೆ. ನಾನು ಕಾರು ತೆಗೀತೇನೆ."

ಜಿನರಾಜರ ಹಳೆಯ ಮನೆ ಪೇಟೆಯೊಳಗೆ, ಬಸದಿಯ ಬೀದಿಯ ಹಿಂದೆ. ಇವರು ಹೋದಾಗ ಕಮಲಾವತಿಯಮ್ಮ ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಚಾವಡಿಯಲ್ಲಿ ಕೂತಿದ್ದರು. ತೊಂಬತ್ತರ ಹತ್ತಿರದ, ಒಣಗಿದ ಕೈಕಾಲಿನ, ಚುರುಕು ಕಣ್ಣಿನ ಹೆಂಗಸು. ಜಲಜಾಕ್ಷಿ ಅಭ್ಯಾಸಬಲದಿಂದ ಕೆಳಗಿನ ಮೆಟ್ಟಿಲಲ್ಲೇ ಕೂರಲು ಹೋದಳು.

"ಮೇಲೆ ಬಾ ಮಾರಾಯ್ತಿ. ಆ ಕಾಲ ಹೋಯ್ತು. ಯಾರು, ಸಿದ್ಧಕಟ್ಟೆಗೆ ಕೊಟ್ಟ ಜಲಜನಾ?"

"ಹೌದು ಅಮ್ಮನವರೇ."

"ನೀನು ಯಾವತ್ತಾದರೂ ಬಂದು ಕೇಳ್ತಿ ಅಂತ ಇದ್ದೆ. ಇಷ್ಟು ತಡ ಮಾಡ್ತಿ ಅಂತ ಗೊತ್ತಿರಲಿಲ್ಲ."

ಕಾಂತಿ ಅವರ ಮುಖ, ಇವಳ ಮುಖ ನೋಡಿದಳು. ಜಲಜಾಕ್ಷಿ ಮೇಲೆ ಬಂದು ಚಾಪೆಯಲ್ಲಿ ಕೂತು ಕೇಳಿದಳು, "ನನ್ನ ಅಮ್ಮನನ್ನು ಎಲ್ಲಿ ಹೂತದ್ದು?"

ಕಮಲಾವತಿಯಮ್ಮ ಅವಳ ಕಡೆ ಜರುಗಿ ಕೂತರು. "ಗುಡ್ಡೆಯಲ್ಲಿ ಅಲ್ಲ," ಎಂದರು. "ಅವಳು ಗುಡ್ಡೆಯಲ್ಲಿ ಸಾಯಲಿಲ್ಲ ಜಲಜ. ನಾನು ಮದುವೆಯಾಗಿ ಈ ಮನೆಗೆ ಬರುವಾಗ ಅವಳು ಇಲ್ಲಿಯೇ ಇದ್ದಳು. ಹಿಂದಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಕುರುಡಿ ದೂಮು ಅಂತ ಕರೀತಿದ್ದರು."

ಕಾಂತಿ ಅತ್ತೆಯ ಬೆನ್ನಿಗೆ ಕೈ ಇಟ್ಟಳು.

"ಸೀಕು ಕಣ್ಣು ತೆಗೆದುಕೊಂಡು ಹೋಯ್ತು, ಜೀವ ಬಿಟ್ಟು ಹೋಯ್ತು," ಎಂದರು ಕಮಲಾವತಿಯಮ್ಮ. "ಅವಳು ಎದ್ದು ಕೂರುವ ಹೊತ್ತಿಗೆ ನಿನ್ನ ಮಾವ ಬೊಜ್ಜ ಮುಗಿಸಿ ಆಗಿತ್ತು. ಸತ್ತಿರಬೇಕು ಅಂತ ಯಾರೋ ಹೇಳಿದರು, ಮದುವೆಯ ದಿನ ಹತ್ತಿರ ಬಂತು, ಮಾಡಿಬಿಟ್ಟ. ಬೊಜ್ಜ ಆದವಳನ್ನು ಪುನಃ ಹೊಸ್ತಿಲು ದಾಟಿಸಿದರೆ ಮನೆ ಉಳಿಯುವುದಿಲ್ಲ ಅಂತ ನಿಮ್ಮವರ ನಂಬಿಕೆ. ನಿನ್ನ ಮಾವ ಬಂದು ನನ್ನ ಗಂಡನ ಅಪ್ಪನ ಕಾಲು ಹಿಡಿದ. ಅವಳನ್ನು ಇಲ್ಲಿ ಇಟ್ಟುಕೊಳ್ಳಿ, ಮಕ್ಕಳಿಗೆ ಗೊತ್ತಾಗುವುದು ಬೇಡ, ಗೊತ್ತಾದರೆ ಹುಡುಗಿಯನ್ನು ಯಾರೂ ಮದುವೆ ಮಾಡಿಕೊಳ್ಳುವುದಿಲ್ಲ ಅಂತ. ಮಾತು ಕೊಟ್ಟರು. ಅವಳೂ ಒಪ್ಪಿದಳು."

"ಅವಳು ಒಪ್ಪಿದಳಾ?"

"ನಿನ್ನ ಮದುವೆಯ ಮಾತು ಎತ್ತಿದರೆ ಒಪ್ಪದೆ ಎಂತ ಮಾಡ್ತಾಳೆ?"

ಎಲೆ ಯಾಕೆ ಹಾಕುತ್ತಿರಲಿಲ್ಲ ಎಂಬುದು ಜಲಜಾಕ್ಷಿಗೆ ಈಗ ತಿಳಿಯಿತು. ಉಸಿರಾಡುವವಳ ಹೆಸರು ಹಿಡಿದು ಸತ್ತವರ ಸಾಲಿಗೆ ಕರೆಯಲು ಮಾವನಿಗೆ ಧೈರ್ಯ ಬಂದಿರಲಿಲ್ಲ. ಬೊಜ್ಜ ಮಾಡಿದವನಿಗೂ ಅಷ್ಟು ಹೆದರಿಕೆ ಉಳಿದಿತ್ತು.

"ನಾನು ಗೇಣಿ ಅಕ್ಕಿಯ ಗಾಡಿಯ ಜೊತೆ ಇಲ್ಲಿಗೆ ಬರ್ತಿದ್ದೆ," ಎಂದಳು ಅವಳು. "ಮಾವನ ಜೊತೆ. ವರ್ಷಕ್ಕೊಮ್ಮೆ. ಹಿಂದಿನ ಅಂಗಳದಲ್ಲಿ ಒಬ್ಬಳು ಗೋಡೆ ಸವರಿಕೊಂಡು ಬಂದು ಬೆಲ್ಲ ನೀರು ಕೊಡ್ತಿದ್ದಳು. ಮುಖ ಎಲ್ಲ ಗುಳಿ ಗುಳಿ."

"ಅವಳೇ. ನೀವು ಬರುವ ದಿನ ಬೆಳಿಗ್ಗೆಯೇ ಸ್ನಾನ ಮಾಡಿ ಕೂರ್ತಿದ್ದಳು. ಬೆಲ್ಲ ಯಾರಿಗೂ ಮುಟ್ಟಲಿಕ್ಕೆ ಬಿಡ್ತಿರಲಿಲ್ಲ."

"ಸಿಹಿ ಉಂಟಾ ಮಗಾ ಅಂತ ಕೇಳ್ತಿದ್ದಳು."

"ನಿನ್ನ ಸ್ವರ ಕೇಳಲಿಕ್ಕೆ. ಹೆಚ್ಚು ಮಾತಾಡುವ ಹಾಗಿರಲಿಲ್ಲವಲ್ಲ."

ಜಲಜಾಕ್ಷಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನಾನು ಮಾತಾಡಲಿಲ್ಲ ಅಮ್ಮನವರೇ. ಆ ಮುಖ ನೋಡಿ ಹೆದರಿಕೆ ಆಗ್ತಿತ್ತು. ಪ್ರತಿ ಸಲ ಬರೇ ತಲೆ ಆಡಿಸಿದೆ. ಹೂಂ ಅಂತ ತಲೆ ಆಡಿಸಿದೆ. ಅವಳಿಗೆ ಅದು ಎಲ್ಲಿ ಕಾಣ್ತದೆ?"

ಕಮಲಾವತಿಯಮ್ಮ ಒಳಗಿನಿಂದ ನೀರು ತರಿಸಿ ಅವಳ ಕೈಗೆ ಕೊಟ್ಟರು.

"ನಿನ್ನ ಮದುವೆಗೆ ನಾನು ಹೋಗಿದ್ದೆ," ಎಂದರು. "ತಿರುಗಿ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು. ಸೀರೆಯ ಬಣ್ಣ ಯಾವುದು ಅಂತ. ಕೆಂಪು ಅಂದೆ. ಆಮೇಲೆ ಹೆಚ್ಚು ದಿನ ಇರಲಿಲ್ಲ. ನಮ್ಮ ಆಳುಗಳೇ ಸುಟ್ಟರು. ನಿನ್ನ ಮಾವನಿಗೆ ಹೇಳಿ ಕಳಿಸಿದೆವು, ಅವನು ಬರಲಿಲ್ಲ."

ಕಾರಿನಲ್ಲಿ ಹಿಂತಿರುಗಿ ಗೇಟಿನ ಬಂಡೆ ದಾಟುವಾಗ ಮುದುಕಿ ಅತ್ತ ನೋಡಲಿಲ್ಲ. ಮನೆಗೆ ಬಂದು ಕಾಂತಿಯೇ ಗಂಡನ ಮುಂದೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಸಿಟ್ಟು ಏರಿತು.

"ನಾನು ನಿಮ್ಮ ಕುಟುಂಬದವಳಲ್ಲ, ನನ್ನ ಮಕ್ಕಳೂ ಅಲ್ಲ. ತಾಯಿಯಿಂದ ಬರುವ ನಮ್ಮ ಬಳಿಯೇ ಬೇರೆ. ಆದರೆ ನೀವು ಬಡಿಸದಿದ್ದರೆ ನಾನು ಈ ಅಡುಗೆಮನೆಯಲ್ಲಿ ಕೋಳಿ ಬೇಯಿಸುವುದು ಇವತ್ತಿಗೆ ಮುಗಿಯಿತು. ಹೋಟೆಲಿನಿಂದ ತರಿಸಿಕೊಂಡು ತಿನ್ನಿ."

ಶೇಖರ ಒಪ್ಪಿದ. ಒಪ್ಪುವುದಕ್ಕೂ ಅವನ ಶರತ್ತುಗಳಿದ್ದವು. ಮನೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಎಲೆ ಹಾಕುವುದು. ಅಕ್ಕಪಕ್ಕಕ್ಕೆ ಹೇಳುವುದು ಬೇಡ. ಶ್ರವಣ್ ಫೋನಿನಲ್ಲಿ ಒಂದಕ್ಷರ ಹಾಕಿದರೆ ಕಾಲು ಮುರಿಯುವುದು.

ಹೋಟೆಲಿಗೆ ಅವನು ರಜೆ ಮಾಡಲು ಆಗುವುದು ಭಾನುವಾರ ಮಾತ್ರ, ಹಾಗಾಗಿ ಭಾನುವಾರವೇ ನಿಶ್ಚಯವಾಯಿತು. ಕಾಂತಿ ಮತ್ತು ವಿಜೇತಾ ಬೆಳಿಗ್ಗೆಯಿಂದ ಅಡುಗೆಯಲ್ಲಿ ಬಿದ್ದರು. ಉದ್ದಿನ ದೋಸೆ, ಕೋಳಿ ಸಾರು, ಪತ್ರೊಡೆ, ಹಲಸಿನ ಬೀಜದ ಪಲ್ಯ. ದೂಮಕ್ಕನಿಗೆ ಯಾವುದು ಇಷ್ಟ ಎಂದು ಕಾಂತಿ ಕೇಳಿದಳು. ಜಲಜಾಕ್ಷಿಗೆ ಗೊತ್ತಿರಲಿಲ್ಲ. ಗಂಜಿಯಲ್ಲದೆ ಬೇರೆ ಏನನ್ನೂ ತಾನು ಅವಳಿಗೆ ಒಯ್ದು ಕೊಟ್ಟದ್ದಿಲ್ಲ ಎಂದಳು.

ಸಂಜೆ ನಾಲ್ಕರ ಹೊತ್ತಿಗೆ ಎದುರಿನ ಖಾಲಿ ಸೈಟಿನ ಬಳಿ ಎರಡು ಕಾರು ನಿಂತವು. ಜಿನರಾಜರು ಕೊಡೆ ಹಿಡಿದು ಮಂಗಳೂರಿನ ಎರಡು ಸಂಸಾರಗಳಿಗೆ ಎರಡನೆಯ ಹಂತದ ರಸ್ತೆ ಎಲ್ಲಿಂದ ಹೋಗುತ್ತದೆ ಎಂದು ತೋರಿಸುತ್ತಿದ್ದರು. ಶೇಖರ ಕಿಟಕಿಯಿಂದ ನೋಡಿ, ಅಡುಗೆಮನೆಯ ಕಿಟಕಿಗಳನ್ನು ಮುಚ್ಚಿಸಿದ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಗೆಯುವ ಮೆಷಿನಿನ ಪಕ್ಕ, ಬಾಳೆಲೆ ಹಾಕಿದ. ಎಲ್ಲವನ್ನೂ ತಾನೇ ಬಡಿಸಿದ. ಹಿಂಬಾಗಿಲನ್ನು ಒಂದು ಗೇಣು ತೆರೆದು, ತುಟಿ ಅಲ್ಲಾಡಿಸಿ, ಮುಚ್ಚಿದ. ದೀಪ ಇಟ್ಟು ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಎದುರಿನ ಹಾಲಿಗೆ ಬಂದು ಕೂತರು. ಸತ್ತವರು ಬಂದು ಉಣ್ಣುವ ತನಕ ಮನೆಯವರು ಹೀಗೆ ಹೊರಗೆ ಕಾಯಬೇಕು.

"ಎಂತ ಹೇಳಿ ಕರೆದೆ?" ಎಂದು ಜಲಜಾಕ್ಷಿ ಕೇಳಿದಳು.

"ಒಳಗೆ ಬನ್ನಿ ಅಂತ ಹೇಳಿದೆ."

"ಹೆಸರು ಹಿಡಿದು ಕರೆದೆಯಾ?"

"ಕರೆದೆ ಅಮ್ಮ."

"ನನಗೆ ಕೇಳಲಿಲ್ಲ."

"ಮನಸ್ಸಿನಲ್ಲಿ ಕರೆದೆ."

ಮುದುಕಿ ಮಗನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಅದನ್ನು ತಾಳಿಕೊಳ್ಳಲು ಆಗದೆ ಶೇಖರ ತಲೆ ತಗ್ಗಿಸಿದ. ಅವಳು ಮಂಡಿಗೆ ಕೈ ಊರಿ ಎದ್ದಳು. ವಿಜೇತಾ ಹಿಡಿಯಲು ಹೋದರೆ ಬೇಡ ಎಂದಳು. ನಿಧಾನವಾಗಿ ನಡೆದು ಎದುರು ಬಾಗಿಲಿನ ಚಿಲಕ ತೆಗೆದಳು.

"ಅಮ್ಮ, ಹೊರಗೆ ಜನ ಉಂಟು," ಎಂದ ಶೇಖರ. "ಜಿನರಾಜರು ಉಂಟು. ಪಾರ್ಟಿಯವರು ಉಂಟು. ಸ್ವಲ್ಪ ಹೊತ್ತು ಕಳೆಯಲಿ."

ಅವಳು ತೇಗದ ಎರಡೂ ಕದಗಳನ್ನು ಪೂರ್ತಿ ತೆರೆದು ಹೊಸ್ತಿಲಲ್ಲಿ ನಿಂತಳು. ಒಳಗಿನ ಕೋಳಿ ಸಾರಿನ, ಊದುಬತ್ತಿಯ ವಾಸನೆ ಅವಳ ಬೆನ್ನ ಹಿಂದಿನಿಂದ ಹೊರಗೆ ಹೋಯಿತು. ಆಮೇಲೆ ಅವಳು ಕೂಗಿದಳು. ಆ ಮನೆಯಲ್ಲಿ ಯಾರೂ ಅವಳ ಅಂಥ ದನಿಯನ್ನು ಕೇಳಿರಲಿಲ್ಲ. ಅದು ಗುಡ್ಡೆಯ ಕೆಳಗಿನಿಂದ ಮೇಲಕ್ಕೆ ಕೇಳಿಸುವಂಥ ಕೂಗು.

"ಅಪ್ಪೇ! ದೂಮಕ್ಕಾ! ಯಾನ್ ಜಲಜ! ಉಲಾಯಿ ಬಲೇ!"

ಎದುರು ಸೈಟಿನಲ್ಲಿ ಮಾತು ನಿಂತಿತು. ಜಿನರಾಜರು ಕೊಡೆ ವಾರೆ ಮಾಡಿ ಇತ್ತ ನೋಡಿದರು. ಮಂಗಳೂರಿನ ಹೆಂಗಸೊಬ್ಬಳು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ಮನೆ ಆಚೆ ಒಂದು ಬಾಲ್ಕನಿಯ ಬಾಗಿಲು ತೆರೆಯಿತು. ಜಲಜಾಕ್ಷಿ ಇನ್ನೊಮ್ಮೆ ಕೂಗಿದಳು, ನಾನು ಜಲಜ, ಒಳಗೆ ಬಾ ಅಮ್ಮ ಎಂದು, ಬೆಲ್ಲ ಸಿಹಿ ಇತ್ತು ಎಂದು. ಕಾಂತಿ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಶೇಖರ ಎದ್ದು ಬಂದು ತಾಯಿಯ ಹಿಂದೆ ನಿಂತ. ಕದದ ಮೇಲೆ ಕೈ ಇಟ್ಟು, ತಗ್ಗಿದ ದನಿಯಲ್ಲಿ ಹೇಳಿದ, "ಆಯ್ತಲ್ಲ ಅಮ್ಮ, ಕರೆದಾಯ್ತಲ್ಲ. ಇನ್ನು ಬಾಗಿಲು ಹಾಕುವ. ಎಲ್ಲರೂ ನೋಡ್ತಿದ್ದಾರೆ."

ಅವಳು ಅವನ ಕೈಯನ್ನು ಕದದಿಂದ ಮೆಲ್ಲಗೆ ಬಿಡಿಸಿದಳು. ಕಣ್ಣು ರಸ್ತೆಯ ಮೇಲೆಯೇ ಇತ್ತು.

"ತಡೆ," ಎಂದಳು. "ಅವಳಿಗೆ ಕಣ್ಣು ಕಾಣುವುದಿಲ್ಲ. ಬರುವುದು ನಿಧಾನ."